ಧರ್ಮೋಪದೇಶಕರು ದಣಿದಾಗ



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕುಗಳ ಕಡೆ ನಮ್ಮ ಕುಟುಂಬಗಳು ಎಷ್ಟು ಚದುರಿಹೋಗಿವೆ ಎಂಬುದು ಬೆಂಗಳೂರಿನ ದೊಡ್ಡ ಧರ್ಮಕೇಂದ್ರಗಳಲ್ಲಿ ಇರುವವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಒಂದು ಊರಿನಲ್ಲಿ ಎರಡು ಮನೆ, ಬಸ್ಸು ಹಿಡಿದು ಹೋಗಬೇಕಾದ ಇನ್ನೊಂದು ಊರಿನಲ್ಲಿ ಒಂದೇ ಮನೆ. ವರ್ಗವಾಗಿ ಬಂದ ಶಿಕ್ಷಕರು, ದಾದಿಯರು, ಕೂಲಿಗಾಗಿ ಬಂದು ಇಲ್ಲೇ ನಿಂತವರು. ಪಾವಗಡದ ಕಡೆ ಹೋದರೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಥ ಕಡೆ ಭಾನುವಾರದ ಪೂಜೆಯ ನಂತರ ನಡೆಯುವ ಧರ್ಮೋಪದೇಶ ತರಗತಿಗೆ ಐದು ವರ್ಷದ ಮಗುವೂ ಬರುತ್ತದೆ, ಹತ್ತನೇ ತರಗತಿಯ ಹುಡುಗನೂ ಬರುತ್ತಾನೆ. ಎಲ್ಲರಿಗೂ ಒಂದೇ ಕೋಣೆ, ಒಬ್ಬರೇ ಟೀಚರ್. ಆ ಒಬ್ಬರೇ ಟೀಚರ್ ಬಗ್ಗೆ ಈ ವಾರ ನಿಮ್ಮೊಡನೆ ಮಾತಾಡಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದ ಒಂದು ಭಾನುವಾರ ಅಂಥ ಒಬ್ಬ ಟೀಚರ್ ಹಾಜರಿ ಪುಸ್ತಕವನ್ನೂ ಬೀರುವಿನ ಕೀಲಿಕೈಯನ್ನೂ ತಂದು ನನ್ನ ಮೇಜಿನ ಮೇಲಿಟ್ಟರು. ಅವರ ಅನುಮತಿ ಪಡೆದು, ಹೆಸರೂ ಊರೂ ಬಿಟ್ಟು ಬರೆಯುತ್ತಿದ್ದೇನೆ. ವಾರದ ಆರು ದಿನ ಶಾಲೆಯ ಪಾಠ, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಏಳನೆಯ ದಿನ ನಮ್ಮ ಮಕ್ಕಳು. ಹತ್ತು ವರ್ಷಕ್ಕೂ ಮೇಲ್ಪಟ್ಟ ಸೇವೆ. "ಫಾದರ್, ಬೇರೆ ಯಾರಿಗಾದರೂ ಕೊಡಿ. ನನ್ನ ಕೈಲಿ ಆಗ್ತಿಲ್ಲ" ಎಂದರು. ನಾನು ನಕ್ಕು, "ನೀವೇ ಬಿಟ್ಟರೆ ಹೇಗಮ್ಮಾ? ಇದು ದೇವರ ಕೆಲಸ ಅಲ್ಲವೇ? ಅವರೇ ಶಕ್ತಿ ಕೊಡುತ್ತಾರೆ" ಎಂದೆ. ಅವರು ಒಂದು ಕ್ಷಣ ನಿಂತು, ಪುಸ್ತಕವನ್ನೂ ಕೀಲಿಕೈಯನ್ನೂ ಎತ್ತಿಕೊಂಡು ಹೋದರು. ಒಳ್ಳೆಯ ಮಾತಿನಿಂದ ಒಂದು ಸಮಸ್ಯೆ ಬಗೆಹರಿಸಿದೆನೆಂದು ನಾನು ಸಂತೋಷಪಟ್ಟೆ.

ನಾಲ್ಕನೆಯ ಭಾನುವಾರ ತರಗತಿಯಲ್ಲಿ ತ್ರಿತ್ವದ ಪಾಠ ನಡೆಯುತ್ತಿದ್ದಾಗ ಒಬ್ಬ ಚಿಕ್ಕ ಹುಡುಗ ಎದ್ದುನಿಂತು, "ಟೀಚರ್, ಯೇಸುಸ್ವಾಮಿ ನಿದ್ದೆ ಮಾಡ್ತಿದ್ರಾ?" ಎಂದು ಕೇಳಿದನಂತೆ. ಟೀಚರ್ ಕೈಯಲ್ಲಿದ್ದ ಪುಸ್ತಕವನ್ನು ಮೇಜಿಗೆ ಬಡಿದು, ಆ ಮಗುವನ್ನು ಎಂದೂ ಗದರದ ಹಾಗೆ ಗದರಿಬಿಟ್ಟರು. ಮಗು ಅತ್ತಿತು. ಟೀಚರ್ ಕೂಡ ಅಲ್ಲೇ ಕುಳಿತು ಅತ್ತರು. ನಾನು ಹೋದಾಗ ಅವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಫಾದರ್, ಪ್ರಾರ್ಥನೆ ಮಾಡಿ ಅಂತ ಮಕ್ಕಳಿಗೆ ಪ್ರತಿ ವಾರ ಹೇಳ್ತೀನಿ. ನಾನೇ ಪ್ರಾರ್ಥನೆ ಮಾಡಿ ಎರಡು ವರ್ಷ ಆಯ್ತು."

ನಾನು ತತ್ವಶಾಸ್ತ್ರ ಓದಿದವನು, ದೈವಶಾಸ್ತ್ರ ಓದಿದವನು. ಆದರೆ ಒಬ್ಬ ಮನುಷ್ಯ ಬಂದು ನನಗೆ ಶಕ್ತಿಯಿಲ್ಲ ಎಂದಾಗ, ದೇವರ ಹೆಸರು ಹೇಳಿ ಅದೇ ಹೊರೆಯನ್ನು ಮತ್ತೆ ತಲೆಯ ಮೇಲೆ ಹೊರಿಸಿ ಕಳಿಸಿದೆ. ಅಂದಿನಿಂದ ಈ ವಿಷಯವನ್ನು ಸ್ವಲ್ಪ ಓದಿ, ಹೆಚ್ಚಾಗಿ ಯೋಚಿಸಿ, ಕೆಲವು ಮಾತು ಕಲಿತಿದ್ದೇನೆ.

ಈ ಸ್ಥಿತಿಗೆ ಇಂದು ಬರ್ನ್‌ಔಟ್ ಎಂದು ಹೇಳುತ್ತಾರೆ. 1974ರಲ್ಲಿ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಇದರ ಬಗ್ಗೆ ಬರೆದರು. ಅವರು ಇದನ್ನು ಕಂಡದ್ದು ದೊಡ್ಡ ಕಂಪನಿಗಳಲ್ಲಿ ಅಲ್ಲ. ಬಡವರಿಗಾಗಿ ಉಚಿತ ಚಿಕಿತ್ಸಾಲಯ ನಡೆಸುತ್ತಿದ್ದ ಸ್ವಯಂಸೇವಕರಲ್ಲಿ, ಮತ್ತು ಅಲ್ಲಿ ಹಗಲಿನ ಕೆಲಸ ಮುಗಿಸಿ ರಾತ್ರಿಯೂ ದುಡಿಯುತ್ತಿದ್ದ ತಮ್ಮಲ್ಲೇ. ಗಮನಿಸಿ, ಸೋಮಾರಿಗಳಿಗೆ ಇದು ಬರುವುದಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿ ಮೂರು ಲಕ್ಷಣ ಹೇಳಿತು: ಶಕ್ತಿ ಪೂರ್ತಿ ಬರಿದಾಗುವುದು, ಮಾಡುವ ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ನನ್ನಿಂದ ಏನೂ ಪ್ರಯೋಜನವಿಲ್ಲ ಎನಿಸುವುದು. ನಮ್ಮ ಟೀಚರಿಗೆ ಸಂಬಳವಿರಲಿಲ್ಲ. ಮೂರು ಲಕ್ಷಣಗಳೂ ಇದ್ದವು. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯುತ್ತದಲ್ಲ, ಹಾಗೆ. ಬೆಳಕಿಗಿಂತ ಹೊಗೆ ಹೆಚ್ಚು.

ಆದರೆ ಎಲ್ಲ ದಣಿವೂ ಒಂದೇ ಅಲ್ಲ ಎಂಬುದನ್ನು ಇಲ್ಲಿ ತಿಳಿಯಬೇಕು. ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿ 399ರಲ್ಲಿ ತೀರಿಕೊಂಡ ಇವಾಗ್ರಿಯಸ್ ಎಂಬ ಸನ್ಯಾಸಿ ಮಧ್ಯಾಹ್ನದ ಪಿಶಾಚಿಯ ಬಗ್ಗೆ ಬರೆದಿದ್ದಾರೆ. ಅದು ಹಿಡಿದ ಸನ್ಯಾಸಿಗೆ ಹೊತ್ತು ಹೋಗುವುದಿಲ್ಲ. ಮತ್ತೆ ಮತ್ತೆ ಕಿಟಕಿಯಾಚೆ ಸೂರ್ಯನನ್ನು ನೋಡುತ್ತಾನೆ, ಊಟದ ಹೊತ್ತಾಯಿತೇ, ಯಾರಾದರೂ ಬರುತ್ತಿದ್ದಾರೆಯೇ ಎಂದು. ನಮ್ಮ ತರಗತಿಗಳಲ್ಲಿ ಗಡಿಯಾರ ನೋಡುವ ಟೀಚರುಗಳು ಮಾತ್ರವಲ್ಲ, ಪ್ರಸಂಗದ ನಡುವೆ ಗಡಿಯಾರ ನೋಡುವ ಭಕ್ತಾದಿಗಳೂ ಇದ್ದಾರೆ. ಅದರ ತಪ್ಪು ಕೆಲವೊಮ್ಮೆ ಪ್ರಸಂಗ ಮಾಡುವವರದ್ದು, ಬಿಡಿ. ಈ ಬೇಸರಕ್ಕೆ ಮರುಭೂಮಿಯ ಹಿರಿಯರು ಹೇಳಿದ ಮದ್ದು ಇದ್ದಲ್ಲೇ ನಿಲ್ಲುವುದು, ಚಿಕ್ಕ ಕರ್ತವ್ಯವನ್ನು ಬಿಡದೆ ಮಾಡುವುದು. ನಾನು ಟೀಚರಿಗೆ ಕೊಟ್ಟದ್ದು ಇದೇ ಮದ್ದು. ಮದ್ದು ಸರಿ, ರೋಗ ಬೇರೆ.

ಮತ್ತೊಂದು ಉಂಟು. ಪ್ರಾರ್ಥನೆಯಲ್ಲಿ ರುಚಿಯೇ ಇಲ್ಲದ ಒಣಗಾಲ. ಸಂತ ಶಿಲುಬೆಯ ಯೊವಾನ್ನರು ಇದನ್ನು ಕತ್ತಲ ರಾತ್ರಿಯೆಂದು ಕರೆದರು. ಇದು ದೇವರ ಕೆಲಸವೋ ನಮ್ಮ ಉದಾಸೀನವೋ ಎಂದು ತಿಳಿಯಲು ಅವರು ಕೊಟ್ಟ ಗುರುತುಗಳಲ್ಲಿ ಒಂದು ಬಹಳ ಸರಳ: ಉದಾಸೀನನಿಗೆ ತಾನು ದೇವರಿಂದ ದೂರವಾದೆನೆಂಬ ಚಿಂತೆಯೇ ಇರುವುದಿಲ್ಲ. ಆ ಚಿಂತೆಯಿಂದ ಅಳುವವರು ದೇವರನ್ನು ಬಿಟ್ಟಿಲ್ಲ. ನಮ್ಮ ಟೀಚರ್ ಆ ದಿನ ಅತ್ತದ್ದನ್ನು ನಾನು ಹೀಗೆ ಓದಿಕೊಂಡೆ. ಇನ್ನು ನಿದ್ದೆ ಪೂರ್ತಿ ಹೋಗಿ, ಊಟ ಸೇರದೆ, ಬದುಕೇ ಬೇಡವೆನಿಸುವ ಸ್ಥಿತಿ ಇದ್ದರೆ ಅದಕ್ಕೆ ವೈದ್ಯರೇ ಬೇಕು. ಅದರಲ್ಲಿ ನಾಚಿಕೆಯೂ ಇಲ್ಲ, ಅವಿಶ್ವಾಸವೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದಲ್ಲಿ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಈಗ ಪವಿತ್ರ ಗ್ರಂಥಕ್ಕೆ ಬರೋಣ. ಅರಸುಗಳ ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ದಯವಿಟ್ಟು ಇಂದು ಸಂಜೆ ಮನೆಯಲ್ಲಿ ಓದಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ ಎಲೀಯ ಮರುದಿನವೇ ಓಡಿಹೋಗುತ್ತಾರೆ. ಮರಳುಗಾಡಿನಲ್ಲಿ ಒಂಟಿ ಕುರುಚಲು ಗಿಡದ ಕೆಳಗೆ ಕುಳಿತು ಸಾವು ಬೇಡುತ್ತಾರೆ. ಪಾವಗಡದ ದಾರಿಯಲ್ಲಿ ಬಿಸಿಲಿಗೆ ಜಾಲಿಯ ನೆರಳು ಹುಡುಕಿದವರಿಗೆ ಆ ಗಿಡ ಎಂಥದ್ದೆಂದು ಗೊತ್ತು. ಆಗ ದೇವರು ಏನು ಮಾಡಿದರು? ಬೈಯಲಿಲ್ಲ. ಉಪದೇಶ ಮಾಡಲಿಲ್ಲ. ಮಲಗಲು ಬಿಟ್ಟರು. ದೂತನ ಕೈಯಲ್ಲಿ ಬಿಸಿ ರೊಟ್ಟಿ, ನೀರು ಕಳಿಸಿದರು. ಎಲೀಯ ತಿಂದು ಮತ್ತೆ ಮಲಗಿದರು. ದೇವರು ಅದಕ್ಕೂ ಬಿಟ್ಟರು, ಎರಡನೆಯ ಸಲ ಎಬ್ಬಿಸಿ ಮತ್ತೆ ಊಟ ಕೊಟ್ಟರು. ಮಾತುಕತೆ ನಡೆದದ್ದು ನಲವತ್ತು ದಿನಗಳ ಮೇಲೆ, ಹೋರೇಬ್ ಬೆಟ್ಟದಲ್ಲಿ.

ಅಲ್ಲಿ ಎಲೀಯ ತಮ್ಮ ಲೆಕ್ಕ ಒಪ್ಪಿಸುತ್ತಾರೆ: ಎಲ್ಲರೂ ಬಿಟ್ಟುಹೋದರು, ನಾನೊಬ್ಬನೇ ಉಳಿದೆ. ದೇವರ ಉತ್ತರದ ಕೊನೆಯಲ್ಲಿ ಒಂದು ಸಂಖ್ಯೆ ಬರುತ್ತದೆ, 7000. ಬಾಳನಿಗೆ ಮೊಣಕಾಲೂರದ ಏಳು ಸಾವಿರ ಮಂದಿ ಇದ್ದಾರೆ. ಎಲೀಯ ಸುಳ್ಳು ಹೇಳಿದ್ದಲ್ಲ. ದಣಿದಿದ್ದರು, ಲೆಕ್ಕ ತಪ್ಪಿತು. ದಣಿದವನು ಹಾಕಿದ ಲೆಕ್ಕವನ್ನು ಪೂರ್ತಿ ನಂಬಬಾರದು, ಆ ದಣಿದವನು ನಾನೇ ಆಗಿದ್ದರೂ.

ನಮ್ಮ ಮೈಸೂರು ಸೀಮೆಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ಫ್ರಾನ್ಸಿನ ಅಬ್ಬೆ ದುಬಾಯ್ ಸ್ವಾಮಿಗಳು 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದು, ಇಲ್ಲಿನವರಂತೆ ಉಟ್ಟು ಉಂಡು, ಊರೂರು ತಿರುಗಿದರು. ಸಿಡುಬಿನ ಚುಚ್ಚುಮದ್ದನ್ನು ಸಾವಿರಾರು ಜನರಿಗೆ ಹಾಕಿಸಿದರು. 1823ರಲ್ಲಿ, ಮೂವತ್ತೊಂದು ವರ್ಷಗಳ ಮೇಲೆ, ಊರಿಗೆ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳು ಪುಸ್ತಕವಾಗಿ ಅಚ್ಚಾದವು. ಅದರಲ್ಲಿ ಈ ದೇಶದಲ್ಲಿ ಧರ್ಮಪ್ರಚಾರದ ಪ್ರಯತ್ನ ವ್ಯರ್ಥವೆಂಬ ಕಹಿಯಾದ ತೀರ್ಮಾನ ಕಾಣುತ್ತದೆ. ಅವರ ವಾದಗಳಿಗೆ ಅವರದೇ ಕಾರಣಗಳಿದ್ದವು, ವಿದ್ವಾಂಸರು ಅದನ್ನು ಚರ್ಚಿಸಲಿ. ನನಗಂತೂ ಆ ಪುಟಗಳಲ್ಲಿ ಮೂವತ್ತೊಂದು ವರ್ಷದ ದಣಿವು ಕೇಳಿಸುತ್ತದೆ. ಆ ಸ್ವಾಮಿಗಳು ವ್ಯರ್ಥವೆಂದು ಬರೆದ ಇದೇ ಸೀಮೆಯಲ್ಲಿ ಇಂದು ಭಾನುವಾರ ಮಕ್ಕಳು ಕನ್ನಡದಲ್ಲಿ ಶಿಲುಬೆಯ ಗುರುತು ಹಾಕುತ್ತಾರೆ.

ಪುಣ್ಯವಂತರೂ ಓಡಿಹೋಗಲು ನೋಡಿದ್ದಾರೆ. ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರು 1818ರಿಂದ 1859ರಲ್ಲಿ ಸಾಯುವವರೆಗೆ ಆರ್ಸ್ ಎಂಬ ಪುಟ್ಟ ಹಳ್ಳಿಯಲ್ಲಿ ಸೇವೆ ಸಲ್ಲಿಸಿದರು, ಮಕ್ಕಳಿಗೆ ಧರ್ಮೋಪದೇಶ ಹೇಳುವುದನ್ನು ದೊಡ್ಡ ಕೆಲಸವೆಂದೇ ತಿಳಿದಿದ್ದರು. ಅವರೇ ಒಂದಲ್ಲ, ಹಲವು ಸಲ ಊರು ಬಿಟ್ಟು ಹೋಗಲು ಪ್ರಯತ್ನಿಸಿದರು. 1853ರಲ್ಲಿ ರಾತ್ರಿಯ ಹೊತ್ತು ಹೊರಟಾಗ ಜನ ದೇವಾಲಯದ ಗಂಟೆ ಬಾರಿಸಿ ಎಲ್ಲರನ್ನೂ ಎಬ್ಬಿಸಿ ತಡೆದರು. ಈ ಕಥೆಯನ್ನು ಪ್ರಸಂಗಗಳಲ್ಲಿ ಹೇಳುವಾಗ ನಾವು ಜನರ ಪ್ರೀತಿಯನ್ನು ಹೊಗಳುತ್ತೇವೆ. ನನಗೆ ಬೇರೊಂದು ಪ್ರಶ್ನೆ: ಅಷ್ಟು ಪ್ರೀತಿಯಿದ್ದ ಜನರಲ್ಲಿ ಯಾರಾದರೂ ಆ ಸ್ವಾಮಿಗಳಿಗೆ ಒಂದು ವಾರ ನಿದ್ದೆ ಮಾಡಲು ಬಿಟ್ಟಿದ್ದರೆ?

ಮಾರ್ಕನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಪ್ರೇಷಿತರು ಮೊದಲ ಸೇವಾಪ್ರವಾಸ ಮುಗಿಸಿ ಬರುತ್ತಾರೆ. ಬಂದುಹೋಗುವವರ ಗದ್ದಲದಲ್ಲಿ ಅವರಿಗೆ ಊಟಕ್ಕೂ ಹೊತ್ತಿಲ್ಲ. ಯೇಸುಸ್ವಾಮಿ ಅವರನ್ನು ದೋಣಿಯಲ್ಲಿ ಏಕಾಂತಕ್ಕೆ ಕರೆದೊಯ್ಯುತ್ತಾರೆ. ಆದರೆ ಜನ ದಡದ ಮೇಲೆ ಓಡಿ ಮೊದಲೇ ತಲುಪಿರುತ್ತಾರೆ. ಆ ದಿನ ಪ್ರೇಷಿತರಿಗೆ ಸಿಕ್ಕ ವಿಶ್ರಾಂತಿಯೆಂದರೆ ದೋಣಿಯ ಪ್ರಯಾಣ ಅಷ್ಟೇ! ಬಸ್ಸಿನಲ್ಲಿ ಕಣ್ಣು ಮುಚ್ಚುವುದೇ ವಿಶ್ರಾಂತಿಯಾದ ನಮ್ಮ ತಾಯಂದಿರಿಗೆ ಇದು ಗೊತ್ತು. ಮುಂದೆ ನೋಡಿ. ದಡ ಸೇರಿದ ಮೇಲೆ ಬೋಧಿಸಿದವರು ಯಾರು? ಪ್ರೇಷಿತರಲ್ಲ, ಸ್ವತಃ ಯೇಸು. ಅಂದು ಅವರ ಪಾಠದ ಪಾಳಿಯನ್ನು ಸ್ವಾಮಿಯೇ ತೆಗೆದುಕೊಂಡರು. ಸಂಜೆ ಈ ಜನರನ್ನು ಕಳಿಸಿಬಿಡಿ ಎಂದು ಶಿಷ್ಯರು ಹೇಳುವುದರಲ್ಲಿ ನನಗೆ ಕಲ್ಲುಮನಸ್ಸು ಕಾಣುವುದಿಲ್ಲ, ದಣಿವು ಕಾಣುತ್ತದೆ. ಅವರ ಬಳಿ ಕೊಡಲು ಏನೂ ಉಳಿದಿರಲಿಲ್ಲ. ಆಗ ರೊಟ್ಟಿ ಬಂದದ್ದು ಎಲ್ಲಿಂದ? ಯೊವಾನ್ನರು ಬರೆಯುತ್ತಾರೆ, ಒಬ್ಬ ಹುಡುಗನ ಬುತ್ತಿಯಿಂದ.

ಮಕ್ಕಳ ಸೇವೆಯಲ್ಲಿ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂತ ಫ್ರಾನ್ಸಿಸ್ ಝೇವಿಯರರು 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆದ ಕಾಗದದಲ್ಲಿ, ಜ್ಞಾನಸ್ನಾನ ಕೊಟ್ಟು ಕೊಟ್ಟು ತಮ್ಮ ತೋಳು ಸೋತುಹೋಗುತ್ತಿತ್ತೆಂದೂ, ಮಕ್ಕಳು ಒಂದು ಜಪ ಕಲಿಸುವವರೆಗೆ ಊಟಕ್ಕೂ ನಿದ್ದೆಗೂ ಬಿಡುತ್ತಿರಲಿಲ್ಲವೆಂದೂ ಹೇಳುತ್ತಾರೆ. ರೋಗಿಗಳ ಮನೆಗಳಿಂದ ಕರೆ ಬಂದಾಗ ಎಲ್ಲ ಕಡೆ ತಾವೇ ಹೋಗಲಾಗದೆ, ಜಪ ಕಲಿತ ಮಕ್ಕಳನ್ನೇ ಕಳಿಸಿದರು. ಕಲಿಸುವವರ ಹೊರೆಯನ್ನು ಕಲಿತ ಮಕ್ಕಳು ಹೊತ್ತರು. ನಾವು ಮಕ್ಕಳನ್ನು ಬರೀ ಪಡೆಯುವವರು ಎಂದು ಎಣಿಸಿದ್ದೇವೆ; ಅದಕ್ಕೇ ಕೊಡುವವರು ಬರಿದಾಗುತ್ತಾರೆ. ಹತ್ತನೇ ತರಗತಿಯ ಹುಡುಗಿ ಐದು ವರ್ಷದವರಿಗೆ ಶಿಲುಬೆಯ ಗುರುತು ಕಲಿಸಲಾರಳೇ?

ಈಗ ನೀರಿನ ಮಾತು. ಪಾವಗಡದ ಕಡೆಯ ರೈತರು ನನಗೆ ಕಲಿಸಿದ್ದು ಇದು. ಮಳೆ ಇಂಗದೆ, ಕೆರೆ ತುಂಬದೆ, ಬರೀ ಕೊಳವೆಬಾವಿಯಿಂದ ಎತ್ತುತ್ತಾ ಹೋದರೆ ನೀರು ಆಳಕ್ಕಿಳಿಯುತ್ತದೆ. ಆಳದ ನೀರಿನಲ್ಲಿ ಬಂಡೆಯಿಂದ ಕರಗಿದ ಫ್ಲೋರೈಡ್ ಸೇರಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯಲು ತಕ್ಕದ್ದಲ್ಲ. ಮೊದಲು ಕೆಡುವುದು ಬೆಳೆಯುವ ಮಕ್ಕಳ ಹಲ್ಲು, ಆಮೇಲೆ ಮೂಳೆ. ನೋಡಲು ಆ ನೀರು ತಿಳಿಯಾಗಿಯೇ ಇರುತ್ತದೆ. ಪ್ರಾರ್ಥನೆಯಿಲ್ಲದೆ ಪಾಠ ಎತ್ತುತ್ತಲೇ ಹೋದ ಟೀಚರ್ ಕೂಡ ಹಾಗೆ: ಪಾಠ ನಿಲ್ಲುವುದಿಲ್ಲ, ಮಾತು ತಿಳಿಯಾಗಿಯೇ ಇರುತ್ತದೆ, ಒಳಗಿನ ಕಹಿ ಮಾತ್ರ ಮಕ್ಕಳಿಗೆ ಹೋಗುತ್ತದೆ. ಇನ್ನೂ ಆಳಕ್ಕೆ ಕೊರೆಯಿರಿ ಎನ್ನುವುದು ಪರಿಹಾರವಲ್ಲ. ಕೆರೆಯ ಹೂಳೆತ್ತಬೇಕು, ಮಳೆಗೆ ಕಾಯಬೇಕು.

ಹೂಳೆತ್ತುವುದೆಂದರೆ ಏನು? ಟೀಚರುಗಳಿಗೆ ನಾನು ಹೇಳುವುದು ಒಂದೇ. ಭಾನುವಾರದ ಶುಭಸಂದೇಶವನ್ನು ಶನಿವಾರ ರಾತ್ರಿ ಪಾಠಕ್ಕಾಗಿ ಓದಬೇಡಿ. ಸೋಮವಾರವೇ ನಿಮಗಾಗಿ ಓದಿ, ಐದು ನಿಮಿಷ ಸಾಕು. ಇದನ್ನು ಮಕ್ಕಳಿಗೆ ಹೇಗೆ ಹೇಳಲಿ ಎಂಬ ಪ್ರಶ್ನೆ ಬಂದ ಕೂಡಲೇ ಅದನ್ನು ಪಕ್ಕಕ್ಕಿಡಿ. ಅಡುಗೆಯವರು ಬಡಿಸುವುದಕ್ಕಾಗಿಯೇ ಬೇಯಿಸಿ, ತಾವು ಉಣ್ಣದೆ ಮಲಗಿದರೆ ಎಷ್ಟು ದಿನ ನಡೆದೀತು? 1967ರಲ್ಲಿ ಬೆಂಗಳೂರಿನಲ್ಲಿ ಧರ್ಮೋಪದೇಶಕ್ಕೂ ಬೈಬಲ್ ಹಾಗೂ ಆರಾಧನಾವಿಧಿಗೂ ರಾಷ್ಟ್ರೀಯ ಕೇಂದ್ರ ಕಟ್ಟಿ ಇಡೀ ದೇಶದ ಉಪದೇಶಕರನ್ನು ತರಬೇತಿಗೊಳಿಸಿದ ಅಮಲೋರ್ಪವದಾಸ್ ಸ್ವಾಮಿಗಳು, ಮೈಸೂರಿನಲ್ಲಿ ಅಂಜಲಿ ಆಶ್ರಮವನ್ನೂ ಸ್ಥಾಪಿಸಿದರು ಎಂಬುದನ್ನು ನಾನು ಮರೆಯುವುದಿಲ್ಲ. ಕಲಿಸುವ ಕೇಂದ್ರದ ಜೊತೆಗೆ ಸುಮ್ಮನೆ ಕುಳಿತುಕೊಳ್ಳುವ ಒಂದು ಸ್ಥಳವೂ ಬೇಕೆಂದು ಅವರಿಗೆ ಅನ್ನಿಸಿರಬೇಕು.

ಆದರೆ ಟೀಚರುಗಳಿಗೆ ಬುದ್ಧಿ ಹೇಳಿ ಮುಗಿಸಿದರೆ ನಾನು ಮತ್ತೆ ಅದೇ ತಪ್ಪು ಮಾಡಿದಂತೆ. ಧರ್ಮಸಭೆಯ ಕಾನೂನು ಏನು ಹೇಳುತ್ತದೆ? 1983ರ ನಿಯಮಸಂಹಿತೆಯ 774ನೇ ನಿಯಮದಂತೆ ಮಕ್ಕಳನ್ನು ಮಾತಿನಿಂದಲೂ ನಡತೆಯಿಂದಲೂ ವಿಶ್ವಾಸದಲ್ಲಿ ಬೆಳೆಸುವ ಹೊಣೆ ಎಲ್ಲರಿಗಿಂತ ಮೊದಲು ತಂದೆತಾಯಿಯರದು. 776ನೇ ನಿಯಮದಂತೆ ಧರ್ಮಕೇಂದ್ರದಲ್ಲಿ ಅದರ ಹೊಣೆ ವಿಚಾರಣಾ ಗುರುವಿನದು. 2021ರ ಮೇ 10ರಂದು ಪೋಪ್ ಫ್ರಾನ್ಸಿಸ್ ಅವರು ಧರ್ಮೋಪದೇಶಕರ ಸೇವೆಗೆ ಧರ್ಮಸಭೆಯಲ್ಲಿ ವಿಧಿವತ್ತಾದ ಸ್ಥಾನ ಕೊಟ್ಟರು, ಸಂತೋಷ. ಆದರೆ ಪದವಿ ಕೊಟ್ಟ ಮಾತ್ರಕ್ಕೆ ಮೊದಲಿನ ಇಬ್ಬರು ಕೈತೊಳೆದುಕೊಳ್ಳುವಂತಿಲ್ಲ. ಪೂಜೆ ಮುಗಿದ ಮೇಲೆ ಮಕ್ಕಳನ್ನು ತರಗತಿಗೆ ತಳ್ಳಿ, ಅಂಗಳದಲ್ಲಿ ಮಾತಾಡುತ್ತಾ ನಿಂತು, ತಡವಾದರೆ ಟೀಚರ್ ಮೇಲೆ ಗೊಣಗುವ ತಂದೆತಾಯಿಯರೇ, ನಿಮಗೆ ಹೇಳುತ್ತಿದ್ದೇನೆ. ನನಗೂ ಹೇಳಿಕೊಳ್ಳುತ್ತಿದ್ದೇನೆ.

ನಾವು ಮಾಡಿದ್ದು ದೊಡ್ಡದೇನಲ್ಲ. ಹಾಜರಿ ಪುಸ್ತಕ, ಕೀಲಿಕೈ ನಾನೇ ಕೇಳಿ ಪಡೆದೆ. ಎರಡು ತಿಂಗಳು ಟೀಚರ್ ಪೂಜೆಗೆ ಬಂದು ಎಲ್ಲರಂತೆ ಮನೆಗೆ ಹೋದರು. ತಿಂಗಳಿಗೊಂದು ಭಾನುವಾರ ನಾನು, ಉಳಿದ ಭಾನುವಾರ ಪಾಳಿಯ ಮೇಲೆ ಒಂದೊಂದು ಕುಟುಂಬ ತರಗತಿ ನಡೆಸಬೇಕೆಂದು ಗೊತ್ತಾಯಿತು. ಮೊದಲ ಪಾಳಿಯ ತಂದೆ ಕೊಳವೆಬಾವಿಯ ಪಂಪು ರಿಪೇರಿ ಮಾಡುವವರು. ನನಗೇನು ಬರುತ್ತೆ ಸ್ವಾಮಿ ಎಂದು ಹೆದರಿ, ಕೊನೆಗೆ ಯಾಕೋಬನ ಬಾವಿಯ ಬಳಿ ನಡೆದ ಕಥೆ ಹೇಳಿದರು. ಬಾವಿಯ ಆಳದ ಬಗ್ಗೆ ಅವರು ಕೊಟ್ಟ ವಿವರಣೆಯನ್ನು ನಾನು ಸೆಮಿನರಿಯಲ್ಲೂ ಕೇಳಿರಲಿಲ್ಲ. ನನ್ನ ಪಾಳಿಯ ದಿನ ಮಾತ್ರ ಪಾಠ ಪ್ರಸಂಗದ ಹಾಗಿತ್ತೆಂದು ಮಕ್ಕಳು ದೂರಿದರಂತೆ.

ಒಂದು ಭಾನುವಾರ ನಾನು ಪಾಠ ಮಾಡುತ್ತಿದ್ದಾಗ ಟೀಚರ್ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಯಾರೂ ಕರೆದಿರಲಿಲ್ಲ. ಪಾಠ ಮುಗಿದ ಮೇಲೆ ಆ ಚಿಕ್ಕ ಹುಡುಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಅವತ್ತು ನೀನು ಕೇಳಿದ್ಯಲ್ಲ, ಯೇಸುಸ್ವಾಮಿ ನಿದ್ದೆ ಮಾಡ್ತಿದ್ರಾ ಅಂತ. ಮಾಡ್ತಿದ್ರು ಮಗಾ. ದೋಣಿಯಲ್ಲಿ. ಹೊರಗೆ ದೊಡ್ಡ ಬಿರುಗಾಳಿ, ಅವರು ಮಲಗೇ ಇದ್ರು."

ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ದಿಂಬು ಇತ್ತಾ?" ಎಂದ.

ಟೀಚರ್ ನನ್ನತ್ತ ನೋಡಿದರು. ನಾನು ಮಾರ್ಕನ 4ನೇ ಅಧ್ಯಾಯ ತೆಗೆದು ಕೊಟ್ಟೆ. ಅವರು ಬೆರಳಿಟ್ಟು ಓದಿ, "ಇತ್ತು ಕಣೋ, ಇಲ್ಲೇ ಬರೆದಿದೆ" ಎಂದು ಜೋರಾಗಿ ನಕ್ಕರು.